ಶುಕ್ರವಾರ ತೆಗೆಯದ ಉಗುರು

ದೇವರು ಪ್ರತಿಯೊಬ್ಬರಿಗೂ ಒಂದೊಂದು ವರ ಕೊಟ್ಟಿರುತ್ತಾನೆ ಎಂದು ನರಸಿಂಹರಾಜಪುರದ ನಮ್ಮ ಚರ್ಚಿನಲ್ಲಿ ಫಾದರ್ ಆಗಾಗ ಹೇಳುತ್ತಿದ್ದರು. ನನಗೆ ಕೊಟ್ಟದ್ದನ್ನು ಎಲ್ಲಿಟ್ಟಿದ್ದಾನೆಂದು ಮಾತ್ರ ಆತ ತಿಳಿಸಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಶುಕ್ರವಾರ ಬಂತೆಂದರೆ ನಮ್ಮ ತಂಡ ಜೀಪು ಹತ್ತಿ ಕೊಪ್ಪ, ಶೃಂಗೇರಿ ಕಡೆ ಹಾಸಿಗೆ ಹಿಡಿದವರನ್ನು ನೋಡಲು ಹೋಗುತ್ತಿತ್ತು. ಜಾತಿ, ಧರ್ಮ ಕೇಳುತ್ತಿರಲಿಲ್ಲ. ಒಬ್ಬಳು ಹಾಡುತ್ತಿದ್ದಳು, ಒಬ್ಬರು ಬೈಬಲ್ ಓದುತ್ತಿದ್ದರು. ತಂಡದ ಮುಖ್ಯಸ್ಥೆ, ನಿವೃತ್ತ ಟೀಚರ್, ಪ್ರಾರ್ಥನೆ ಮಾಡುತ್ತಿದ್ದರು. ಅದು ಮುಗಿಯುವಷ್ಟರಲ್ಲಿ ಮನೆಯವರು ಕೊಟ್ಟ ಕಾಫಿ ಆರಿಹೋಗಿರುತ್ತಿತ್ತು.

ನಾನೂ ಒಮ್ಮೆ ಹಾಡಿಗೆ ದನಿಗೂಡಿಸಿದ್ದೆ. "ನೀನು ಮನಸ್ಸಲ್ಲೇ ಹಾಡು, ದೇವರಿಗೆ ಕೇಳ್ತದೆ" ಎಂದರು ಟೀಚರ್. ಅಂದಿನಿಂದ ಚೀಲ, ಕೊಡೆಗಳು ನನ್ನ ಪಾಲಾದವು. "ಎಲ್ಲರೂ ಪಲ್ಲಕ್ಕಿ ಏರಿದ್ರೆ ಹೊರುವವರ‍್ಯಾರು ಮಾರಾಯ್ತಿ?" ಎಂದು ಸಮಾಧಾನವನ್ನೂ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಕೊಡೆ ಹಿಡಿಯಲಿಕ್ಕೆ ದೇವರು ಕರೆಯಬೇಕೇ? ಇನ್ನು ತಂಡ ಬಿಟ್ಟುಬಿಡಬೇಕು ಎಂದುಕೊಳ್ಳುತ್ತಲೇ ಮತ್ತೆ ಜೀಪು ಹತ್ತುತ್ತಿದ್ದೆ.

ಜಯಪುರದ ಹತ್ತಿರ ಕಾಲು ಸೋತು ಮಲಗಿಬಿಟ್ಟಿದ್ದ ಅಜ್ಜಿಯೊಬ್ಬರಿದ್ದರು. ಅವರ ಸೊಸೆ ನಮ್ಮ ಟೀಚರ್ ಅವರ ಹಳೆಯ ವಿದ್ಯಾರ್ಥಿನಿ. ಅಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾಗ, ಹೊರುವವಳಾದ ನಾನು ಕಣ್ಣು ಬಿಟ್ಟುಕೊಂಡಿದ್ದೆ. ಕಂಬಳಿಯಾಚೆ ಅಜ್ಜಿಯ ಪಾದ ಕಂಡಿತು. ಉಗುರು ಬೆಳೆದು, ಬಾಗಿ, ಬೆರಳಿನ ಮಾಂಸಕ್ಕೇ ಇಳಿದಿತ್ತು. ಎಲ್ಲಿ ನೋಯಿಸಿಬಿಡುತ್ತಾಳೋ ಎಂದು ಸೊಸೆಯ ಕೈಗೆ ಕಾಲು ಕೊಡಲು ಅಜ್ಜಿಗೆ ಧೈರ್ಯವಿರಲಿಲ್ಲವಂತೆ. ಪ್ರಾರ್ಥನೆ ಮುಗಿದದ್ದೇ ಚೀಲದಿಂದ ನೇಲ್ ಕಟರ್ ತೆಗೆದೆ.

ಅಜ್ಜಿ ಕೈ ಅಡ್ಡ ಹಿಡಿದರು. "ಶುಕ್ರವಾರ ಯಾರಾದ್ರೂ ಉಗುರು ತೆಗೀತಾರೇನೇ? ಮನೆ ಲಕ್ಷ್ಮಿ ಎದ್ದು ಹೋಗ್ತಾಳೆ. ಬುಧವಾರ ಬಾ."

ಬುಧವಾರ ಜೀಪಿಲ್ಲ, ತಂಡವಿಲ್ಲ. ಒಬ್ಬಳೇ ಹೋಗುತ್ತೇನೆ ಎಂದಾಗ ಟೀಚರ್ ಮುಖ ಗಂಟಿಕ್ಕಿದರು. "ನಾವು ಹೋಗೋದು ಪ್ರಾರ್ಥನೆಗೆ. ಉಗುರಿಗೆ ಕೊಪ್ಪದಲ್ಲಿ ಬ್ಯೂಟಿ ಪಾರ್ಲರ್ ಉಂಟು. ಹೋಗೋದಾದ್ರೆ ತಂಡದ ಹೆಸರು ಹೇಳ್ಬೇಡ. ಆಮೇಲೆ ತಂಡದಲ್ಲಿ ಇರ‍್ತೀಯೋ ಇಲ್ವೋ, ಅದನ್ನೂ ಯೋಚನೆ ಮಾಡು."

ಕೊಪ್ಪದಲ್ಲಿ ಬಸ್ಸು ಬದಲಿಸುವಾಗಲೂ ಅದನ್ನೇ ಯೋಚಿಸುತ್ತಿದ್ದೆ. ಕೊಡೆಯೂ ಕೈತಪ್ಪಿದರೆ ಚರ್ಚಿನಲ್ಲಿ ನಾನು ಯಾವ ಲೆಕ್ಕಕ್ಕೆ? ಹೆದರಿಕೆಯಾಯಿತು. ಆದರೂ ಜಯಪುರದ ಬಸ್ಸು ಹತ್ತಿದೆ.

ಬಿಸಿನೀರಿನಲ್ಲಿ ಪಾದ ನೆನೆಸಿ, ಒಂದೊಂದೇ ಉಗುರನ್ನು ಮೆಲ್ಲಗೆ ಬಿಡಿಸಿ ತೆಗೆದೆ. ಒಂದು ಕಾಲು ಮುಗಿದಾಗ ಅಜ್ಜಿ ಹಾಯಾಗಿ ಉಸಿರುಬಿಟ್ಟರು. "ನಿಮ್ಮವರು ಶುಕ್ರವಾರ ಎಂತದೋ ಹಾಡ್ತಾರಲ್ಲ, ಒಂದ್ಸಲ ಹೇಳು ಕೇಳುವಾ."

ತಡೆಯಲು ಟೀಚರ್ ಇರಲಿಲ್ಲ. ಇಷ್ಟು ದಿನ ಮನಸ್ಸಿನಲ್ಲೇ ಹಾಡಿದ್ದನ್ನೆಲ್ಲ ಗಂಟಲು ಬಿಚ್ಚಿ ಹಾಡಿದೆ. ಅಜ್ಜಿ ಮೊದಲ ಚರಣವನ್ನು ಸಹನೆಯಿಂದಲೇ ಕೇಳಿದರು. ಆಮೇಲೆ ಇನ್ನೊಂದು ಕಾಲನ್ನು ತಾವಾಗಿಯೇ ನನ್ನ ಮಡಿಲಿಗೆ ಸರಿಸಿದರು.

"ಸಾಕು ಮಾರಾಯ್ತಿ. ನೀನು ಉಗುರೇ ತೆಗಿ."