ಒಂಬತ್ತು ಸೆಕೆಂಡಿನ ವಂದನೆ

ಜಯಶೀಲಾಳ ದನಿಯನ್ನು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ನೂರಾರು ಹೆಂಗಸರು ಕೇಳಿದ್ದರು. ಮುಖ ಕಂಡವರು ಕಡಿಮೆ. ಚಿತ್ರದುರ್ಗದಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ಕಿಟಕಿಗೆ ಹಳೆಯ ಜಮಖಾನ ಕಟ್ಟಿದ ಕೋಣೆಯಲ್ಲಿ ಕೂತು ಅವಳು ಪಾಠಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದಳು. ನಡುವೆ ಬಸ್ಸಿನ ಹಾರ್ನ್ ಕೇಳಿಸಿದರೆ ಮತ್ತೆ ಮೊದಲಿಂದ ಓದುತ್ತಿದ್ದಳು. ಏಳನೆಯ ಸಲ ಓದಿದಾಗಲೂ ದನಿ ಮೊದಲನೆಯ ಸಲದಂತೆಯೇ ಇರುತ್ತಿತ್ತು. ಅದರಲ್ಲಿ ಬೇಸರವೂ ಇಲ್ಲ, ಉತ್ಸಾಹವೂ ಇಲ್ಲ.

ಅವಳ ಊರು ಆದಿವಾಲದ ಹತ್ತಿರ. ಅಪ್ಪ ಚಿತ್ರಲಿಂಗಪ್ಪ ಕುರಿಹಿಂಡಿನ ಜೊತೆ ವರ್ಷದಲ್ಲಿ ಅರ್ಧ ಹೊರಗೇ ಇರುವ ಮನುಷ್ಯ. ಅವಳಿಗೆ ಏಳು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಅಲ್ಲಿಂದ ಮೂರು ವರ್ಷ ಅವಳ ತಲೆ ಬಾಚಿ ಶಾಲೆಗೆ ಕಳಿಸಿದವಳು ತಾಯಿಯ ತಂಗಿ ಬರಗೇರಮ್ಮ. ಹೊರಕೆರೆದೇವಪುರದ ಪಕ್ಕದ ಹಳ್ಳಿಗೆ ಕೊಟ್ಟಿದ್ದ ಚಿಕ್ಕಮ್ಮ.

ಹಾಸ್ಟೆಲಿನಲ್ಲಿದ್ದು ಬಿ.ಎ. ಓದುವಾಗ, ತೊಂಬತ್ತೇಳರಲ್ಲಿ, ಜಯಶೀಲಾ ಅದೇ ಮಹಡಿಯ ಮೇಲಿದ್ದ ಗಂಗಾಧರಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿ, ಅಲ್ಲೇ ಕೆಲಸಕ್ಕೆ ನಿಂತಳು. ಮುಂದೆ ಟೈಪ್‌ರೈಟರುಗಳು ಹೋಗಿ ಕಂಪ್ಯೂಟರುಗಳು ಬಂದವು. ಮದುವೆ ಪತ್ರಿಕೆ, ಪ್ರಶ್ನೆಪತ್ರಿಕೆಗಳ ಕೆಲಸ ಕಡಿಮೆಯಾದಾಗ ಗಂಗಾಧರಪ್ಪನವರು ಬೆಂಗಳೂರಿನಿಂದ ಹೊಸ ಕೆಲಸ ತಂದರು. ಕಂಪ್ಯೂಟರಿನಲ್ಲೇ ಕೂತು ಕಲಿಯುವ ತರಬೇತಿ ಪಾಠಗಳನ್ನು ತಯಾರಿಸಿಕೊಡುವುದು. ಕಲಿಯಲು ಯಾರೂ ಮುಂದೆ ಬರಲಿಲ್ಲವಾದ್ದರಿಂದ ಜಯಶೀಲಾಳೇ ಕಲಿತಳು.

ಪಾಠ ಬರೆದು, ಚಿತ್ರ ಹಾಕಿ, ದನಿ ಕೂಡಿಸಿದರೆ ಮುಗಿಯುವ ಕೆಲಸವಲ್ಲ ಅದು. ಪಾಠ ಇಲ್ಲಿ ತಯಾರಾಗುತ್ತದೆ, ಕಲಿಯುವವರ ಲೆಕ್ಕ ಇಡುವ ಸರ್ವರ್ ಬೆಂಗಳೂರಿನಲ್ಲಿರುತ್ತದೆ. ಎರಡೂ ಒಂದನ್ನೊಂದು ಅರ್ಥಮಾಡಿಕೊಳ್ಳಬೇಕಾದರೆ ಒಂದು ಕಟ್ಟಳೆ ಬೇಕು. ಅದನ್ನು ಸ್ಕಾರ್ಮ್ ಎನ್ನುತ್ತಿದ್ದರು. ಅದರ ಪ್ರಕಾರ, ಯಾರು ಕೂತರು, ಎಲ್ಲಿಯವರೆಗೆ ಬಂದರು, ಎಷ್ಟು ಅಂಕ ತೆಗೆದರು ಎಂಬುದನ್ನು ಪಾಠ ಸರ್ವರಿಗೆ ತಿಳಿಸಬೇಕು. ತಿಳಿಸದೇ ಹೋದರೆ ಸರ್ವರಿನ ಮಟ್ಟಿಗೆ ಆ ಮನುಷ್ಯ ಬಂದೇ ಇಲ್ಲ. ದಪ್ಪ ಇಂಗ್ಲಿಷ್ ಕಡತವನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಪುಟದಲ್ಲೂ ‘ಮುಂದೆ’ ಗುಂಡಿಯನ್ನು ಒತ್ತಿ ಒತ್ತಿ ಪರೀಕ್ಷಿಸುವುದರಲ್ಲಿ ಅವಳ ದಿನಗಳು ಹೋಗುತ್ತಿದ್ದವು. ಸಂಜೆ ಬೆರಳು ಜೋಮು ಹಿಡಿದಿರುತ್ತಿತ್ತು. ಉಳಿದದ್ದಕ್ಕೂ ಹಾಗೇ ಆಗಿತ್ತೋ ಏನೋ, ಅವಳು ವಿಚಾರಿಸಲು ಹೋಗಿರಲಿಲ್ಲ.

ಎರಡು ಸಾವಿರದ ಆರರಲ್ಲಿ ಹಳ್ಳಿಗಳಲ್ಲಿ ಶಿಶುವಿಹಾರ ನಡೆಸುವ ಟ್ರಸ್ಟ್ ಒಂದು ತನ್ನ ಸಹಾಯಕಿಯರಿಗಾಗಿ ಪಾಠ ಮಾಡಿಸಿತು. ಮಕ್ಕಳ ತೂಕ, ಊಟ, ವಾಂತಿಭೇದಿಯಾದರೆ ಮಾಡಬೇಕಾದದ್ದು, ಕಡೆಗೆ ಇಪ್ಪತ್ತು ಪ್ರಶ್ನೆ. ಹೆಚ್ಚು ಅಂಕ ತೆಗೆದ ಸಹಾಯಕಿಗೆ ಶಿಕ್ಷಕಿಯಾಗುವ ಅವಕಾಶ. ಹೊಳಲ್ಕೆರೆ ತಾಲ್ಲೂಕಿನಲ್ಲಿ ಖಾಲಿ ಇದ್ದದ್ದು ಒಂದೇ ಜಾಗ, ಅದೂ ಬರಗೇರಮ್ಮನ ಹಳ್ಳಿಯಲ್ಲೇ. ಶಿಕ್ಷಕಿ ಬಿಟ್ಟು ಹೋಗಿ ಎಂಟು ತಿಂಗಳಾಗಿತ್ತು. ಹನ್ನೊಂದು ವರ್ಷದಿಂದ ಅಲ್ಲಿ ಸಹಾಯಕಿಯಾಗಿದ್ದ ಬರಗೇರಮ್ಮ ಅಡುಗೆಯನ್ನೂ ಪಾಠವನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು.

ತರಬೇತಿ ಎರಡು ಭಾನುವಾರ ನಡೆಯಿತು. ಮೂರನೆಯ ವಾರ ಬರಗೇರಮ್ಮ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಬಂದು, ಮಹಡಿ ಮೆಟ್ಟಿಲು ಏರಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಒಂದು ಕಾಗದ ಮುಂದಿಟ್ಟಳು. ಹೊಳಲ್ಕೆರೆಯ ಹದಿನಾಲ್ಕು ಹೆಸರುಗಳ ಮುಂದೂ ಒಂದೇ ಮಾತಿತ್ತು: ಪ್ರಯತ್ನಿಸಿಲ್ಲ.

“ಏನೇ ಜಯಾ ಇದು? ಎರಡು ಭಾನುವಾರ ಕುಂತಿದೀನಿ. ಸೊಂಟ ಹಿಡ್ಕಂಡೈತೆ. ಪ್ರಯತ್ನನೇ ಮಾಡ್ಲಿಲ್ಲ ಅಂತ ಬರ್ದವ್ರೆ.”

“ಕೊನೇಲಿ ‘ಮುಗಿಸಿ’ ಅಂತ ಒಂದು ಗುಂಡಿ ಇತ್ತಲ್ಲ ಚಿಕ್ಕಮ್ಮ, ಒತ್ತಿದ್ಯಾ?”

“ನೀನು ಹೇಳಿದ್ರೆ ತಾನೇ ಒತ್ತಾದು? ನಿನ್ನ ದನಿ ಅಂತ ಎಲ್ರಿಗೂ ಹೇಳಿದ್ದೆ. ಉಪ್ಪು ಸಕ್ಕರೆ ನೀರು ಕಲ್ಸೋದು ಹೇಳ್ಕೊಡ್ತಾ ಅವ್ಳಲ್ಲ, ಸಣ್ಣೋಳಿದ್ದಾಗ ಅದನ್ನ ಕುಡಿಸಾಕೆ ನಾನು ಅವ್ಳ ಹಿಂದೆ ಓಡಿದೀನಿ ಅಂದೆ. ನಕ್ಕಿದ್ದೇ ನಕ್ಕಿದ್ದು. ಆಮೇಲೆ ನಿನ್ನ ದನಿ ನಿಂತೋತು. ಏಳ್ರಿ ಅಂತ ಅನ್ನಲೇ ಇಲ್ಲ. ಕುಂತ್ವಿ. ಕಡಿಗೆ ಜುಂಜಯ್ಯ ಬಂದು ಮೇನ್ ಸ್ವಿಚ್ ತೆಗ್ದ. ಪುಸ್ತಕದಾಗೆ ಸಹಿ ಮಾಡಿ ಬಂದ್ವಿ.”

ಜುಂಜಯ್ಯ ಹೊಳಲ್ಕೆರೆಯ ಕಂಪ್ಯೂಟರ್ ಕೇಂದ್ರ ನೋಡಿಕೊಳ್ಳುವವನು. ಹಿರಿಯೂರು, ಹೊಸದುರ್ಗಗಳಲ್ಲಿ ಕೇಂದ್ರದವರು ಪಕ್ಕದಲ್ಲೇ ನಿಂತು ಗುಂಡಿ ಒತ್ತಿಸಿದ್ದರು. ಜುಂಜಯ್ಯನಿಗೆ ಕೆಳಗೆ ಜೆರಾಕ್ಸ್ ಅಂಗಡಿ ಇತ್ತು. ಹೆಂಗಸರನ್ನು ಕೂರಿಸಿ ಇಳಿದುಹೋಗಿದ್ದ.

ಜಯಶೀಲಾಳಿಗೆ ತಿಳಿಯಿತು. ಈ ಕಡೆ ಯಾವ ಸಭೆಯಿಂದಲೂ ಯಾರೂ ನಡುವೆ ಏಳುವುದಿಲ್ಲ. ವಂದನಾರ್ಪಣೆ ಆಗಬೇಕು, ಸಾಹೇಬರೋ ಮೇಡಮ್ಮೋ ಇನ್ನು ಹೊರಡಿ ಎನ್ನಬೇಕು. ಪಾಠದಲ್ಲಿ ಅಂಥದೊಂದು ಮಾತನ್ನು ಅವಳೇ ಬರೆದು ಓದಿದ್ದಳು: “ಇಲ್ಲಿಗೆ ಪಾಠ ಮುಗಿಯಿತು. ‘ಮುಗಿಸಿ’ ಗುಂಡಿ ಒತ್ತಿ ನೀವಿನ್ನು ಏಳಬಹುದು. ಎಲ್ಲರಿಗೂ ವಂದನೆಗಳು.” ಒಂಬತ್ತು ಸೆಕೆಂಡು. ಹೊಳಲ್ಕೆರೆಯ ಫೋನ್ ಲೈನಿಗೆ ಪಾಠ ಭಾರವಾಗುತ್ತದೆ, ಇನ್ನಷ್ಟು ಇಳಿಸಿ ಎಂದು ಬೆಂಗಳೂರಿನವರು ಹೇಳಿದಾಗ, ಮಕ್ಕಳ ಊಟದಲ್ಲಿ ಕತ್ತರಿಸಲು ಮನಸ್ಸಾಗದೆ ಅವಳು ಕತ್ತರಿಸಿದ್ದು ಅದನ್ನೇ. ಆ ಕೊನೆಯ ಗುಂಡಿ ಒತ್ತಿದಾಗ ಮಾತ್ರ ಎಲ್ಲ ವಿವರವೂ ಸರ್ವರಿಗೆ ಹೋಗುತ್ತಿತ್ತು. ಹಾಗೆ ಮಾಡಿದ್ದೂ ಅವಳೇ.

“ತಪ್ಪು ನಂದು ಚಿಕ್ಕಮ್ಮ,” ಎಂದಳು. ಹೇಳುವಾಗ ರೆಕಾರ್ಡಿಗೆ ಓದುವ ದನಿಯೇ ಬಂತು.

“ತಪ್ಪು ಯಾರದಾದ್ರೂ ಇರ್ಲಿ ಬಿಡು. ಸರಿ ಮಾಡಾಕೆ ಬರ್ತೈತಾ?”

ಅವಳನ್ನು ಬಸ್ಸು ಹತ್ತಿಸಿ ಬಂದಾಗ ಗಂಗಾಧರಪ್ಪನವರು ಕಾಯುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

“ನೋಡವ್ವ, ಸರ್ವರಿನ ಪಾಸ್‌ವರ್ಡ್ ನಿನ್ನ ಹತ್ರನೇ ಐತೆ. ಹದಿನಾಲ್ಕು ಹೆಸರು, ಹದಿನಾಲ್ಕು ಸಾಲು. ಕೈಯಿಂದ ತುಂಬಿಬಿಡು. ಅವ್ರು ಕುಂತಿದ್ದು ಸುಳ್ಳಲ್ವಲ್ಲ.”

“ಅಂಕ ಎಷ್ಟು ಹಾಕ್ಲಿ ಸರ್?”

ಅಂಕ ಎಲ್ಲೂ ಉಳಿದಿರಲಿಲ್ಲ. ಹದಿಮೂರು ಹೆಂಗಸರಿಗೂ ಚಿಕ್ಕಮ್ಮನಿಗೂ ಅಂಕವನ್ನು ಅವಳೇ ಊಹಿಸಿ ಬರೆಯಬೇಕಾಗಿತ್ತು. ಆ ಅಂಕದ ಮೇಲೆ ಒಬ್ಬಳಿಗೆ ಜಾಗ ಸಿಗುತ್ತಿತ್ತು.

“ನಂಗೆ ಆಗಲ್ಲ ಸರ್.”

“ನಿಂಗೇ ಬಿಟ್ಟಿದ್ದು,” ಎಂದರು ಅವರು. “ಈ ಬುದ್ಧಿ ಮೊದ್ಲೇ ಇದ್ದಿದ್ರೆ ನಾವು ಬೆಂಗಳೂರಿನವರಿಗೆ ಮುಖ ತೋರಿಸ್ಬೋದಿತ್ತು.”

ಅವಳು ಟ್ರಸ್ಟಿಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅಲ್ಲಿ ತರಬೇತಿ ನೋಡಿಕೊಳ್ಳುತ್ತಿದ್ದ ಮೇಘಶ್ರೀ ಒಳ್ಳೆಯ ಮಾತಿನ ಹುಡುಗಿ. ಶುಕ್ರವಾರ ಪಟ್ಟಿ ಕಳಿಸಲೇಬೇಕು, ಗುರುವಾರದೊಳಗೆ ಇನ್ನೊಮ್ಮೆ ಕೂರಿಸಿದರೆ ಒಪ್ಪುತ್ತೇನೆ ಎಂದಳು.

ಎರಡು ದಿನದಲ್ಲಿ ಜಯಶೀಲಾ ಪಾಠವನ್ನು ತಿದ್ದಿದಳು. ಪ್ರತಿ ಪುಟ ತಿರುಗಿದಾಗಲೂ ವಿವರ ಸರ್ವರಿಗೆ ಹೋಗುವಂತೆ ಮಾಡಿದಳು. ಒಂಬತ್ತು ಸೆಕೆಂಡನ್ನು ವಾಪಸು ಸೇರಿಸಿದಳು. ಜುಂಜಯ್ಯನ ಮೂಲಕ ಹದಿನಾಲ್ಕು ಹಳ್ಳಿಗೂ ಸುದ್ದಿ ಮುಟ್ಟಿಸಿ, ಗುರುವಾರ ಬೆಳಿಗ್ಗೆ ತಾನೇ ಹೊಳಲ್ಕೆರೆಗೆ ಹೋದಳು.

ಹದಿಮೂರು ಜನ ಬಂದರು. ಎಲ್ಲರ ಶಿಶುವಿಹಾರದಲ್ಲೂ ಶಿಕ್ಷಕಿಯರಿದ್ದರು, ಮಕ್ಕಳನ್ನು ಒಪ್ಪಿಸಿ ಬಂದಿದ್ದರು. ಬರಗೇರಮ್ಮನ ಕುರ್ಚಿ ಖಾಲಿ ಇತ್ತು. ಜಯಶೀಲಾ ಬಾಗಿಲಲ್ಲಿ ನಿಂತು ಒಂದು ಬಸ್ಸು ನೋಡಿದಳು, ಇನ್ನೊಂದು ನೋಡಿದಳು. ಗುರುವಾರ ಕೆಲಸದ ದಿನ ಎನ್ನುವುದು ಅವಳಿಗೆ ಆಗ ಹೊಳೆಯಿತು. ಒಳಗೆ ಅವಳದೇ ದನಿ ಹದಿಮೂರು ಕಡೆಯಿಂದ, ಒಂದಕ್ಕಿಂತ ಒಂದು ಚೂರು ಹಿಂದೆ ಮುಂದೆ, ಮಗುವಿನ ತೂಕ ನೋಡುವ ಬಗೆಯನ್ನು ವಿವರಿಸುತ್ತಿತ್ತು. ಕೊನೆಯಲ್ಲಿ ಅದು ವಂದನೆ ಹೇಳಿತು. ಹೆಂಗಸರು ಗುಂಡಿ ಒತ್ತಿ ಎದ್ದರು. ಒಬ್ಬಿಬ್ಬರು ಪರದೆಗೆ ಕೈ ಮುಗಿದರು.

ಪಕ್ಕದೂರಿನ ಏಕಾಂತಮ್ಮನಿಗೆ ಎಲ್ಲರಿಗಿಂತ ಹೆಚ್ಚು, ಹದಿನೇಳು. ಬರಗೇರಮ್ಮನ ಹೆಸರಿನ ಮುಂದೆ ಹಳೆಯ ಮಾತೇ ಇತ್ತು. ಈ ಸಲ ಅದು ನಿಜವಾಗಿತ್ತು. ಜಯಶೀಲಾ ಪಟ್ಟಿಯನ್ನು ಇದ್ದಹಾಗೆ ಮೇಘಶ್ರೀಗೆ ಕಳಿಸಿ, ಚಿಕ್ಕಮ್ಮನ ಊರಿನ ಬಸ್ಸು ಹತ್ತಿದಳು. ಅಳು ಬರಬಹುದೆಂದು ಕಿಟಕಿಯ ಪಕ್ಕ ಕೂತಳು. ಬರಲಿಲ್ಲ.

ಬರಗೇರಮ್ಮ ಶಿಶುವಿಹಾರದ ಹಿಂದೆ ಪಾತ್ರೆ ತೊಳೆಯುತ್ತಿದ್ದಳು.

“ಇಪ್ಪತ್ತೆರಡು ಮಕ್ಕಳು ಜಯಾ. ಯಾರ ಕೈಗೆ ಕೊಟ್ಟು ಬರ್ಲಿ? ಬೀಗ ಹಾಕಾಣ ಅಂದ್ರೆ ಮಧ್ಯಾಹ್ನದ ಊಟ ಐತೆ. ಯಾರಿಗಾತು?”

“ಏಕಾಂತಮ್ಮನಿಗೆ ಆಗ್ಬೋದು.”

“ಒಳ್ಳೇ ಹೆಂಗ್ಸು. ಖಾರ ಸ್ವಲ್ಪ ಜಾಸ್ತಿ ತಿಂತಾಳೆ ಅಷ್ಟೆ.” ಅವಳು ಪಾತ್ರೆ ಬೋರಲು ಹಾಕಿದಳು. “ಕುಂತ್ಕ. ಉಪ್ಪಿಟ್ಟು ಉಳಿದೈತೆ, ತಿಂತೀಯೇನು?”

ಜಯಶೀಲಾ ತಿಂದಳು. ಅವಳು ತಿನ್ನುವುದನ್ನು ನೋಡುತ್ತಾ ಬರಗೇರಮ್ಮ, ಯಾವುದೋ ಹಳೆಯ ಮಾತು ಎಂಬಂತೆ ಹೇಳಿದಳು:

“ಅವತ್ತು ನಂಗೆ ಹದಿನೆಂಟು ಬಂದಿತ್ತು. ಇಪ್ಪತ್ತಕ್ಕೆ.”

“ನಿಂಗೆ ಹೆಂಗೆ ಗೊತ್ತು?”

“ಪರದೆ ಮ್ಯಾಲೆ ದೊಡ್ಡದಾಗಿ ಬಂದಿತ್ತಲ್ಲ. ಜುಂಜಯ್ಯ ಬರೋಗಂಟ ಅದನ್ನೇ ನೋಡ್ತಾ ಕುಂತಿದ್ವಿ. ಎಲ್ರಿಗೂ ಎಲ್ರದೂ ಬಾಯಿಪಾಠ ಆಗಿತ್ತು. ಏಕಾಂತಮ್ಮಂದು ಹದಿನಾರು.”

ಪರದೆಯ ಮೇಲೆ ಅಂಕ ದೊಡ್ಡದಾಗಿ ಕಾಣುವಂತೆ ಮಾಡಿದ್ದು ಜಯಶೀಲಾಳೇ. ಎಷ್ಟು ಬಂದಿತ್ತೆಂದು ಹದಿನಾಲ್ಕು ಜನರಲ್ಲಿ ಒಬ್ಬರನ್ನೂ ಅವಳು ಕೇಳಿರಲಿಲ್ಲ.

“ನೀನು ಮೊದ್ಲೇ ಯಾಕೆ ಹೇಳ್ಲಿಲ್ಲ ಚಿಕ್ಕಮ್ಮ?”

“ನಿನ್ನ ಕಂಪ್ಯೂಟ್ರಿನಾಗೆ ಇರ್ತೈತೆ ಅನ್ಕಂಡಿದ್ದೆ ಕಣೇ,” ಎಂದಳು ಬರಗೇರಮ್ಮ. ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದಳು. ಜಯಶೀಲಾ ಬೇಡವೆನ್ನಲಿಲ್ಲ.