ಸೈಲೆನ್ಸರ್ ಮೇಲೊಂದು ಅನುಮಾನ

ಯಾರಾದರೂ ನನ್ನನ್ನು ತೀರ ಆದರದಿಂದ ಮಾತನಾಡಿಸಿದರೆ ನನ್ನ ಕೈ ತಾನಾಗಿ ಜೇಬಿನ ಕಡೆಗೆ ಹೋಗುತ್ತದೆ. ಹುಟ್ಟುಗುಣ. ಮನೆಯಲ್ಲಿ ಹಾಲು ಒಡೆದರೆ ಹಾಲಿನವನ ಮೇಲೆ ಅನುಮಾನ. ಒಡೆಯದೆ ಬಹಳ ಹೊತ್ತು ಉಳಿದರೂ ಅವನ ಮೇಲೆಯೇ. ಹಗರಿಬೊಮ್ಮನಹಳ್ಳಿಯಲ್ಲಿ ಶಾಮಿಯಾನ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವವನಿಗೆ ಈ ಗುಣ ಒಂದು ಬಂಡವಾಳ. ಮದುವೆಗೆ ಹೋದ ಸೌಟುಗಳೆಲ್ಲ ಮರಳಿ ಬಂದವೆಂದು ನಂಬುವವನು ಈ ವ್ಯಾಪಾರದಲ್ಲಿ ಬಾಳುವುದಿಲ್ಲ.

ಆ ಪಾತ್ರೆಗಳನ್ನು ಹೊತ್ತು ತಿರುಗುವುದು ನನ್ನ ಹಳೆಯ ಡೀಸೆಲ್ ಪಿಕಪ್. ಹೋದ ಚಳಿಗಾಲದಲ್ಲಿ ಅದರ ದನಿ ಒಡೆಯಿತು. ಕೂಡ್ಲಿಗಿಯ ಮೆಕ್ಯಾನಿಕ್ ರಫೀಕ್ ಅದರಡಿ ಮಲಗಿ ನೋಡಿ, ಇಂಜಿನ್ನಿನಿಂದ ಹಿಂದಿನ ತುದಿಯವರೆಗೆ ಪೈಪು, ಸೈಲೆನ್ಸರ್ ಎಲ್ಲ ತುಕ್ಕು ತಿಂದಿವೆ, ಪೂರ್ತಿ ಬದಲಿಸಬೇಕು ಎಂದ. ‘ಪೂರ್ತಿ’ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ವಿಚಾರ ಮಾಡಿ ಬರುತ್ತೇನೆಂದು ಹೇಳಿ, ಮರುದಿನ ಹರಪನಹಳ್ಳಿಯ ಇನ್ನೊಬ್ಬನಿಗೆ ತೋರಿಸಿದೆ. ಅವನು, ತಗಡಿನ ತುಂಡು ಇಟ್ಟು ವೆಲ್ಡಿಂಗ್ ಮಾಡಿದರಾಯಿತು, ಇಷ್ಟಕ್ಕೆ ಯಾಕೆ ಚಿಂತೆ ಎಂದು ನಕ್ಕ. ಆ ನಗುವಿನ ಮೇಲೆ ಇನ್ನೂ ದೊಡ್ಡ ಅನುಮಾನ ಬಂತು. ಪೂರ್ತಿ ಎಂದವನು ಲಾಭಕೋರ, ಇಷ್ಟೇ ಸಾಕು ಎಂದವನು ಮೈಗಳ್ಳ. ಹೀಗೆ ಇಬ್ಬರ ಕೈಗೂ ಸಿಗದೆ, ತುಕ್ಕಿನ ಪೈಪಿನೊಂದಿಗೆ ಜಾಣನಾಗಿ ಮನೆಗೆ ಬಂದೆ.

ಹೈಸ್ಕೂಲಿನಲ್ಲಿ ನಮ್ಮ ಸಂಸ್ಕೃತದ ಮೇಷ್ಟ್ರು ಹೇಳುತ್ತಿದ್ದರು: ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು, ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ಅರಿತಂತೆ. ಮೇಷ್ಟ್ರು ಹೇಳಿದ ಆ ಬಗೆಯ ಅನುಮಾನ ನನಗೆ ಒಲಿಯಲಿಲ್ಲ. ಹೊಗೆ ನನ್ನ ಕಾಲ ಕೆಳಗೇ ಇತ್ತು. ನಾನು ಮೆಕ್ಯಾನಿಕ್ಕರ ಮುಖ ನೋಡುತ್ತಿದ್ದೆ.

ತೆಲಿಗಿಯಲ್ಲೊಂದು ಗೃಹಪ್ರವೇಶವಿತ್ತು. ಅಡುಗೆಗೆ ಶಿವಗಂಗಮ್ಮ. ವರ್ಷಗಳಿಂದ ನನ್ನ ಪಾತ್ರೆಗಳ ಜೊತೆಗೇ ಊರೂರಿಗೆ ಬಂದು ಅಡುಗೆ ಮಾಡುವ, ಬೀಗರನ್ನೂ ಬೈದು ಪಂಕ್ತಿಗೆ ಕೂರಿಸುವ ಗಟ್ಟಿಗಿತ್ತಿ. ಚಳಿಯ ಬೆಳಗು, ಗಾಜು ಏರಿಸಿಕೊಂಡು ಹೊರಟೆವು. ತೆಲಿಗಿಯವರು ಬೆಲ್ಲಕ್ಕೆ ಜಿಪುಣತನ ಮಾಡಿದ್ದಾರೆಂದು ಆಕೆ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು. ಹರಪನಹಳ್ಳಿ ದಾಟಿದ ಮೇಲೆ ಮಾತು ನಿಂತಿತು. ಇದೇನು ಮೌನ? ಬೇರೆ ಶಾಮಿಯಾನದವನ ಜೊತೆ ಗುಟ್ಟಾಗಿ ಕೆಲಸ ಒಪ್ಪಿಕೊಂಡು, ನನಗೆ ಹೇಳಲಾರದೆ ಕೂತಿದ್ದಾಳೋ? ಹಾಗೆ ಯೋಚಿಸುತ್ತಾ ಒಂದಷ್ಟು ದೂರ ಹೋದ ಮೇಲೆ ಪಕ್ಕಕ್ಕೆ ತಿರುಗಿ ನೋಡಿದೆ. ಆಕೆಯ ತಲೆ ಗಾಜಿಗೆ ಬಡಿದುಕೊಳ್ಳುತ್ತಿತ್ತು. ಕರೆದರೆ ಉತ್ತರವಿಲ್ಲ.

ಗಾಡಿ ನಿಲ್ಲಿಸಿ ಇಳಿದಾಗ ನನ್ನ ತಲೆಯೂ ಗಿರ್ರೆಂದಿತು. ದಾರಿಯಲ್ಲೇ ತಲೆ ಭಾರವಾಗಿದ್ದನ್ನು ಚಹಾ ಕುಡಿಯದ್ದಕ್ಕೆಂದು ತಳ್ಳಿಹಾಕಿದ್ದೆ. ಆಕೆಯನ್ನು ಎಳೆದು ಬೇವಿನ ಮರದ ಕೆಳಗೆ ಮಲಗಿಸಿ ಮುಖಕ್ಕೆ ನೀರು ಹಾಕಿದೆ. ಆಕೆಯ ಮಕ್ಕಳಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ. ಕೊನೆಗೆ ಕಣ್ಣು ಬಿಟ್ಟಳು, ವಾಂತಿ ಮಾಡಿಕೊಂಡಳು, ಎದ್ದು ಕೂತು ಗಾಡಿಯ ಕಡೆ ನೋಡಿದಳು.

“ತಮ್ಮಾ, ನಿನ್ನ ಗಾಡಿ ನನ್ನ ಕೊಲ್ಲಾಕ ನೋಡ್ತೈತಿ.”

ಕಾಲಡಿಯ ಮ್ಯಾಟು ಎತ್ತಿದೆ. ಕೆಳಗಿನ ತಗಡಿನಲ್ಲಿ ತೂತು. ಅದರಿಂದ ಹೊಗೆ ನೆಟ್ಟಗೆ ನಮ್ಮ ಮೂಗಿಗೇ ಬರುತ್ತಿತ್ತು. ಆಕೆ ಮತ್ತೆ ಒಳಗೆ ಕೂರಲು ಒಪ್ಪಲಿಲ್ಲ. ಹಿಂದೆ, ಪಾತ್ರೆಗಳ ನಡುವೆ ಗಾಳಿಗೆ ಕೂತು ಹರಪನಹಳ್ಳಿಯ ಆಸ್ಪತ್ರೆಗೆ ಬಂದಳು. ಡಾಕ್ಟರು ಸಂಜೆವರೆಗೆ ಇಟ್ಟುಕೊಂಡು, ಆ ಗಾಡಿ ರಿಪೇರಿಯಾಗುವ ತನಕ ಹತ್ತಬೇಡಿ ಎಂದು ಹೇಳಿ ಕಳಿಸಿದರು. ಅಡುಗೆಗೆ ಬೇರೆಯವರನ್ನು ಹುಡುಕಿ, ಪಾತ್ರೆಗಳನ್ನು ಬೇರೆ ಗಾಡಿಗೆ ಹೇರಿ ತೆಲಿಗಿಗೆ ಕಳಿಸಿದ್ದೆ. ಅಲ್ಲಿ ಊಟ ತಡವಾಯಿತು; ಬೈಗುಳ ಮಾತ್ರ ಹೊತ್ತಿಗೆ ಸರಿಯಾಗಿ ಫೋನಿನಲ್ಲಿ ಬಂದವು.

ಮರುದಿನ ಗಾಜು ಪೂರ್ತಿ ಇಳಿಸಿ, ಚಳಿಗೆ ಹಲ್ಲು ಕಟಕಟಿಸುತ್ತಾ ರಫೀಕನ ಮುಂದೆ ಹೋಗಿ ನಿಂತೆ. ತುಕ್ಕು ಹಿಡಿದ ನಟ್ಟುಗಳು ಸೀಮೆಎಣ್ಣೆಗೂ ಬಗ್ಗಲಿಲ್ಲ, ಕಾಯಿಸಿದರೂ ಬಗ್ಗಲಿಲ್ಲ. ಕಡೆಗೆ ಕತ್ತರಿಸಿಯೇ ತೆಗೆದ. ಪೈಪು ನೆಲಕ್ಕೆ ಬಿದ್ದಾಗ ಹಪ್ಪಳದಂತೆ ಪುಡಿಯಾಯಿತು. ಹೊಸ ಪೈಪು, ಹೊಸ ಸೈಲೆನ್ಸರ್, ಅವನ್ನು ತೂಗುಹಾಕುವ ರಬ್ಬರು, ಕ್ಯಾಬಿನ್ನಿನ ತೂತಿಗೆ ತಗಡು, ಎಲ್ಲ ಆಯಿತು. ನಾನು ಸ್ಟೂಲ್ ಬಿಟ್ಟು ಏಳಲಿಲ್ಲ. ಹಳೆಯದಕ್ಕೇ ಬಣ್ಣ ಬಳಿದು ಹಾಕಿದ್ದರೆ? ಅವನು ಆ ಕಡೆ ತಿರುಗಿದಾಗ ಹೊಸ ಪೈಪನ್ನು ಬೀಗದ ಕೈಯಿಂದ ಮೆಲ್ಲಗೆ ಕೆರೆದೆ. ರಫೀಕ್ ತಿರುಗದೆಯೇ ಹೇಳಿದ:

“ಆ ಕಡಿನೂ ಕೆರದು ನೋಡ್ರಿ ಅಣ್ಣಾರ, ಅದೊಂದ್ಯಾಕ ಬಾಕಿ.”

ಗಾಡಿ ಸಾಧುವಾಯಿತು. ಶಿವಗಂಗಮ್ಮ ಮಾತ್ರ ಸುಲಭಕ್ಕೆ ನಂಬಲಿಲ್ಲ. ನಂಬದಿರುವ ಹಕ್ಕು ಈ ಬಾರಿ ಆಕೆಯದಾಗಿತ್ತು. ಹಂಪಸಾಗರದ ತೊಟ್ಟಿಲು ಕಾರ್ಯಕ್ಕೆ ಬಹಳ ಬೇಡಿಕೊಂಡ ಮೇಲೆ ಮುಂದೆ ಕೂತಳು. ಎರಡೂ ಗಾಜು ಇಳಿಸಲು ಹೇಳಿದಳು, ಮ್ಯಾಟು ಎತ್ತಿ ನೋಡಿದಳು, ದಾರಿಯಲ್ಲಿ ಆಗಾಗ ಮೂಸಿ ನೋಡಿದಳು. ಸ್ವಲ್ಪ ಹೊತ್ತಿಗೆ ಮಾತು ನಿಂತಿತು. ನೋಡಿದರೆ ತಲೆ ವಾಲಿದೆ.

ಬ್ರೇಕು ಒತ್ತಿ, ಬಾಟಲಿಯ ನೀರನ್ನೆಲ್ಲ ಆಕೆಯ ಮುಖಕ್ಕೆ ಎರಚಿದೆ. ಆಕೆ ತಡಬಡಿಸಿ ಎದ್ದಳು.

“ನಿದ್ದಿ ಮಾಡಾಕತ್ತಿದ್ನಲ್ಲೋ ತಮ್ಮಾ. ಗಾಡಿ ಸುಮ್ಮನಾತು, ನಿನ್ನ ಅನುಮಾನ ಸುಮ್ಮನಾಗವಲ್ದು.”

ಸೆರಗಿನಿಂದ ಮುಖ ಒರೆಸಿಕೊಂಡು, ಗಾಜನ್ನು ಅರ್ಧ ಏರಿಸಿ ಮತ್ತೆ ಕಣ್ಣು ಮುಚ್ಚಿದಳು. ಮೆಲ್ಲಗೆ ಹೊರಟೆ. ಗಾಡಿ ಎಷ್ಟು ಶಾಂತವಾಗಿತ್ತೆಂದರೆ ಆಕೆಯ ಗೊರಕೆ ಇಂಜಿನ್ನಿಗಿಂತ ಚೆನ್ನಾಗಿ ಕೇಳುತ್ತಿತ್ತು. ಹಂಪಸಾಗರದವರೆಗೆ ನನಗೆ ಜಗತ್ತಿನಲ್ಲಿ ಯಾರ ಮೇಲೂ ಅನುಮಾನ ಬರಲಿಲ್ಲ. ಆ ಗೊರಕೆ ನಿಜದ್ದೋ, ನನ್ನ ಸಮಾಧಾನಕ್ಕೆಂದು ಹೊಡೆಯುತ್ತಿರುವುದೋ ಎಂಬ ಒಂದನ್ನು ಬಿಟ್ಟು.