ಕರೆಂಟಿಲ್ಲದ ದಿನದ ಚಾರ್ಜು

ನಂಜನಗೂಡಿನ ನಮ್ಮ ಕಾಲೇಜಿನಲ್ಲಿ ಆಪ್ತಸಮಾಲೋಚಕಿಯ ಕೋಣೆಗೆ ಕಾಲಿಟ್ಟವರಿಗೆ ತಲೆ ಕೆಟ್ಟಿದೆ ಎಂದೇ ಎಲ್ಲರ ಲೆಕ್ಕ. ಮೊದಮೊದಲು ಮೇಡಂ ಒಬ್ಬರೇ ಕೂತು ಫ್ಯಾನು ನೋಡುತ್ತಿದ್ದರು. ಆಮೇಲೆ ಬಾಗಿಲಿಗೆ ‘ಇಲ್ಲಿ ಮೊಬೈಲ್ ಚಾರ್ಜ್ ಮಾಡಿಕೊಳ್ಳಬಹುದು’ ಎಂದು ಚೀಟಿ ಅಂಟಿಸಿದರು. ಮರುದಿನವೇ ಸಾಲು ನಿಂತಿತು. ಬಂದವರ ಮೊಬೈಲನ್ನು ಪ್ಲಗ್ಗಿಗೆ ಸಿಕ್ಕಿಸಿ, ಸೆರಗಿನಿಂದ ಕುರ್ಚಿ ಒರೆಸಿ, “ಚಾರ್ಜ್ ಆಗೋಗಂಟ ಕೂತ್ಕೊ” ಎನ್ನುತ್ತಿದ್ದರು.

“ನಂಗೇನ್ ತಲೆ ಕೆಟ್ಟಿಲ್ಲ ಕಣ್ಲಾ, ಚಾರ್ಜ್ ಆಕಕ್ಕೆ ಓಗಿದ್ದೆ” ಎನ್ನುತ್ತಿದ್ದ ಪಕ್ಕದೂರು ಚಿಕ್ಕಯ್ಯನಛತ್ರದಿಂದ ಬರುವ ನನ್ನ ಗೆಳೆಯ, ಅತ್ತು ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ.

ನಾನು ಕಾಲೇಜು ಬಿಟ್ಟೇಬಿಡುವುದೆಂದು ತೀರ್ಮಾನಿಸಿದ ದಿನ ಬೆಳಗಿನಿಂದ ಊರಿಗೇ ಕರೆಂಟಿರಲಿಲ್ಲ. ಆದರೂ ಹೋದೆ. ಬಾಗಿಲಲ್ಲಿ ಎಂದಿನಷ್ಟೇ ಉದ್ದದ ಸಾಲು. ಎಲ್ಲರ ಕೈಯಲ್ಲೂ ಚಾರ್ಜರು, ಯಾರ ಬಾಯಲ್ಲೂ ಕರೆಂಟಿನ ಮಾತಿಲ್ಲ.

“ಕರೆಂಟೇ ಇಲ್ವಲ್ರಯ್ಯ, ಇಲ್ಲೇನ್ ಮಾಡ್ತಿದ್ದೀರಿ?” ಎಂದರು ಆ ಕಡೆ ಬಂದ ಪ್ರಿನ್ಸಿಪಾಲರು.

“ಬತ್ತದೆ ಸಾ” ಎಂದೆವು.

ನನ್ನ ಸರದಿ ಬಂದಾಗ ಜೇಬು ತಡಕಿದೆ. ಮೊಬೈಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಮೇಡಂ ನನ್ನ ಚಾರ್ಜರನ್ನಷ್ಟೇ ಇಸಿದುಕೊಂಡು, ಕರೆಂಟಿಲ್ಲದ ಪ್ಲಗ್ಗಿಗೆ ಸಿಕ್ಕಿಸಿ, ಕುರ್ಚಿ ಒರೆಸಿದರು.

“ಇದು ನಿಧಾನಕ್ಕಾಗ್ತದೆ. ಆಗೋಗಂಟ ಕೂತ್ಕೊ.”